ಬಿಲ್ಲೆ, ಕುದುರೆ, ಐದಾರು ದಿನದ ಚಿತ್ರೀಕರಣ: ಕಡಿಮೆ ಖರ್ಚಿನ ವೆಸ್ಟರ್ನ್ ಸಿನಿಮಾಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಕಪ್ಪು ಬಿಳುಪು ಕೌಬಾಯ್ ಸಿನಿಮಾಗಳನ್ನು ನಾನು ಬಿಡದೆ ನೋಡುತ್ತೇನೆಂದು ತಿಳಿದ ಗೆಳೆಯರು, ಅವರ ಮಕ್ಕಳು, ಪತ್ರ ಬರೆದ ಓದುಗರು ಕೇಳುತ್ತ ಬಂದಿರುವ ಪ್ರಶ್ನೆಗಳು ಇವು. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿದ್ದೇನೆ. 1930ರ ದಶಕದ ಆರಂಭದಿಂದ 1954ರವರೆಗೆ ಹಾಲಿವುಡ್‌ನ ಸಣ್ಣ ಕಂಪನಿಗಳು ತೆಗೆದ, ಮಾರ್ಷಲ್, ಶೆರಿಫ್, ರೇಂಜರ್‌ಗಳು ದರೋಡೆ ತಂಡಗಳನ್ನು ಬೆನ್ನಟ್ಟುವ ಚಿತ್ರಗಳೇ ಇಲ್ಲಿನ ವಿಷಯ.

## ಹೊಸದಾಗಿ ನೋಡುವವರು ಕೇಳುವುದು

ಇವನ್ನು ಬಿ-ವೆಸ್ಟರ್ನ್ ಎನ್ನುತ್ತಾರಲ್ಲ, ಬಿ ಎಂದರೆ ಎರಡನೇ ದರ್ಜೆ ಎಂದು ತಾನೇ?

ಅಲ್ಲ. ಅದು ಗುಣದ ಲೆಕ್ಕವಲ್ಲ, ಬಾಡಿಗೆಯ ಲೆಕ್ಕ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಜನ ಚಿತ್ರಮಂದಿರಕ್ಕೆ ಬರುವುದು ಕಡಿಮೆಯಾದಾಗ, ಅಮೆರಿಕದ ಪ್ರದರ್ಶಕರು ಒಂದೇ ಟಿಕೆಟ್‌ಗೆ ಎರಡು ಸಿನಿಮಾ ತೋರಿಸತೊಡಗಿದರು. ಮೊದಲನೆಯ ದೊಡ್ಡ ಚಿತ್ರಕ್ಕೆ ಗಲ್ಲಾಪೆಟ್ಟಿಗೆಯ ಗಳಿಕೆಯಲ್ಲಿ ಪಾಲು ಕೊಡಬೇಕಿತ್ತು. ಎರಡನೆಯದಕ್ಕೆ ಇಷ್ಟು ಎಂದು ನಿಗದಿಯಾದ ಬಾಡಿಗೆ. ಹೀಗಾಗಿ ಬಿ ಚಿತ್ರ ಎಷ್ಟು ದುಡಿಯುತ್ತದೆ ಎನ್ನುವುದು ತೆಗೆಯುವ ಮೊದಲೇ ಹೆಚ್ಚುಕಡಿಮೆ ಗೊತ್ತಿರುತ್ತಿತ್ತು. ಚಿತ್ರ ಅದ್ಭುತವಾದರೂ ಹೆಚ್ಚು ಹಣ ಬರುವುದಿಲ್ಲ. ಉಳಿತಾಯವಾಗಬೇಕಾದರೆ ಖರ್ಚಿನಲ್ಲೇ ಆಗಬೇಕು. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಈ ಸಿನಿಮಾಗಳಲ್ಲಿ ವಿಚಿತ್ರವಾಗಿ ಕಾಣುವ ಅರ್ಧಕ್ಕರ್ಧ ವಿಷಯಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಇನ್ನೊಂದು ಮಾತು. ಸಣ್ಣ ಊರುಗಳ ಟಾಕೀಸುಗಳಲ್ಲಿ, ಶನಿವಾರ ಮಧ್ಯಾಹ್ನ ಸೇರುತ್ತಿದ್ದ ಮಕ್ಕಳಿಗೆ ಇದೇ ಮುಖ್ಯ ಚಿತ್ರವಾಗಿತ್ತು.

ಒಂದೂ ನೋಡಿಲ್ಲ. ಯಾವುದರಿಂದ ಶುರು ಮಾಡಲಿ?

1934ರ ‘ರ್‍ಯಾಂಡಿ ರೈಡ್ಸ್ ಅಲೋನ್’ ನೋಡಿ. ಒಂದು ಗಂಟೆಯೂ ಇಲ್ಲ. ಜಾನ್ ವೇಯ್ನ್ ಇನ್ನೂ ದೊಡ್ಡ ತಾರೆಯಾಗಿರದ ಕಾಲ.

ಮೊದಲ ಕೆಲವು ನಿಮಿಷಗಳನ್ನು ಗಮನವಿಟ್ಟು ನೋಡಬೇಕು. ಒಬ್ಬ ಸವಾರ ದಾರಿಬದಿಯ ಮದ್ಯದಂಗಡಿಯೊಂದರ ಮುಂದೆ ಕುದುರೆ ಇಳಿಯುತ್ತಾನೆ. ಒಳಗಿನಿಂದ ಪಿಯಾನೋ ಕೇಳಿಸುತ್ತಿದೆ. ಬಾಗಿಲು ತಳ್ಳಿಕೊಂಡು ಹೋದರೆ ಪಿಯಾನೋದ ಮುಂದೆ ಯಾರೂ ಇಲ್ಲ. ಅದು ತಾನೇ ನುಡಿಯುವ ಯಂತ್ರ. ಕುರ್ಚಿಯಲ್ಲಿ, ನೆಲದ ಮೇಲೆ, ಕೌಂಟರಿನ ಹಿಂದೆ ಎಲ್ಲೆಲ್ಲೂ ಹೆಣಗಳು. ಒಂದು ಮಾತೂ ಇಲ್ಲ. ಗೋಡೆಯ ಮೇಲಿನ ಭಾವಚಿತ್ರದಲ್ಲಿ ಕಣ್ಣುಗಳ ಜಾಗವನ್ನು ಕತ್ತರಿಸಲಾಗಿದೆ, ಅದರ ಹಿಂದಿನಿಂದ ನಿಜವಾದ ಎರಡು ಕಣ್ಣುಗಳು ಅವನನ್ನೇ ನೋಡುತ್ತಿವೆ. ಅಷ್ಟರಲ್ಲಿ ಶೆರಿಫ್ ಬಂದು, ಅಲ್ಲಿ ಬದುಕಿ ನಿಂತಿರುವ ಒಬ್ಬನೇ ಮನುಷ್ಯನನ್ನು ಹಿಡಿದುಕೊಳ್ಳುತ್ತಾನೆ.

ಒಂದು ಕೋಣೆ, ಒಂದು ಪಿಯಾನೋ, ಅಲ್ಲಾಡದೆ ಮಲಗುವ ಕೆಲವು ನಟರು. ಇಷ್ಟರಲ್ಲಿ ಇಷ್ಟು ಭಯ ಹುಟ್ಟಿಸಿದ ನಿರ್ದೇಶಕ ಹ್ಯಾರಿ ಫ್ರೇಸರ್ ಬಗ್ಗೆ ನನಗೆ ಬಹಳ ಗೌರವವಿದೆ.

ಶೆರಿಫ್, ಮಾರ್ಷಲ್, ರೇಂಜರ್ ಎಲ್ಲರೂ ಎದೆಗೆ ನಕ್ಷತ್ರ ಚುಚ್ಚಿಕೊಂಡಿರುತ್ತಾರೆ. ಇವರಲ್ಲಿ ಏನು ವ್ಯತ್ಯಾಸ?

ಶೆರಿಫ್ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಪ್ರದೇಶದ, ಜನರಿಂದ ಮತ ಪಡೆದು ಬರುವವನು. ಅವನ ಅಧಿಕಾರ ಕೌಂಟಿಯ ಗಡಿಗೆ ಮುಗಿಯುತ್ತದೆ. ಊರಿನ ಮಾರ್ಷಲ್‌ನನ್ನು ಸಾಮಾನ್ಯವಾಗಿ ಊರಿನ ಆಡಳಿತ ನೇಮಿಸುತ್ತಿತ್ತು. ಯು.ಎಸ್. ಮಾರ್ಷಲ್ ಬೇರೆ: 1789ರ ಕಾಯ್ದೆಯಿಂದ ಹುಟ್ಟಿದ ಹುದ್ದೆ ಅದು, ಅವನನ್ನು ನೇಮಿಸುವವರು ಅಮೆರಿಕದ ಅಧ್ಯಕ್ಷರು. ಅವನ ಕೈಕೆಳಗೆ ವಾರಂಟ್ ಹಿಡಿದು ಊರೂರು ಅಲೆಯುತ್ತಿದ್ದವರು ಡೆಪ್ಯುಟಿಗಳು. ರೇಂಜರ್‌ಗಳು ಟೆಕ್ಸಾಸ್‌ನ ಸ್ವಂತ ಪಡೆ. ಈ ಗಡಿಗಳು ಕಥೆಗೆ ಬೇಕಾಗುತ್ತವೆ. ದರೋಡೆಕೋರರು ಗಡಿ ದಾಟಿದೊಡನೆ ಶೆರಿಫ್ ಕುದುರೆಯ ಲಗಾಮು ಎಳೆದು ನಿಲ್ಲುವುದು ಅದಕ್ಕಾಗಿಯೇ.

ಯಾವುದನ್ನು ನೋಡಿದರೂ ಅದೇ ಕಥೆ. ನಿಮಗೆ ಬೇಸರವಾಗುವುದಿಲ್ಲವೇ?

ಕಥೆಯ ಚೌಕಟ್ಟು ಒಂದೇ ಎನ್ನುವುದು ನಿಜ. ಊರಿನಲ್ಲಿ ದನ, ಚಿನ್ನ ಅಥವಾ ಪ್ರಯಾಣಿಕರನ್ನು ಒಯ್ಯುವ ಕುದುರೆಗಾಡಿಯಾದ ಸ್ಟೇಜ್‌ಕೋಚ್ ಲೂಟಿಯಾಗುತ್ತಿರುತ್ತದೆ. ಲೂಟಿಕೋರರ ಬೆನ್ನ ಹಿಂದೆ ಊರಿನ ಮರ್ಯಾದಸ್ಥನೊಬ್ಬ ಇರುತ್ತಾನೆ: ಬ್ಯಾಂಕಿನ ಮಾಲೀಕ, ವಕೀಲ, ಕೆಲವೊಮ್ಮೆ ಶೆರಿಫ್‌ನೇ. ಬೇಲಿಯೇ ಎದ್ದು ಹೊಲ ಮೇಯುವ ಕಥೆಗಳಿವು. ಆ ಸಿನಿಮಾದವರು ಖಳರಲ್ಲೂ ಎರಡು ಜಾತಿ ಮಾಡಿಕೊಂಡಿದ್ದರು. ಕೋಟು ತೊಟ್ಟು ಮೇಜಿನ ಹಿಂದೆ ಕುಳಿತು ಯೋಜನೆ ಹಾಕುವವನು ‘ಮಿದುಳಿನ’ ಖಳ. ಕೊಳಕು ಬಟ್ಟೆಯಲ್ಲಿ ಬೀದಿಯಲ್ಲಿ ಸಿಕ್ಕ ನಾಯಿಯನ್ನೂ ಒದೆಯುವವನು ‘ನಾಯಿ’ ಖಳ. ಚಾರ್ಲ್ಸ್ ಕಿಂಗ್ ಎಂಬ ದಪ್ಪ ಮೀಸೆಯ ನಟ ಈ ಎರಡನೆಯ ಪಾತ್ರವನ್ನು ಎಷ್ಟು ಸಲ ಮಾಡಿ ಎಷ್ಟು ನಾಯಕರಿಂದ ಪೆಟ್ಟು ತಿಂದನೋ!

ಆದರೆ ಚೌಕಟ್ಟಿನ ಒಳಗೆ ಏನನ್ನು ಇಡುತ್ತಾರೆ ನೋಡಿ. 1933ರ ‘ರೈಡರ್ಸ್ ಆಫ್ ಡೆಸ್ಟಿನಿ’ಯಲ್ಲಿ ಲೂಟಿಯಾಗುತ್ತಿರುವುದು ನೀರು. ಕಿನ್‌ಕೇಡ್ ಎಂಬವನು ಕಣಿವೆಯ ನೀರನ್ನೆಲ್ಲ ಹಿಡಿದಿಟ್ಟುಕೊಂಡು ರೈತರ ಕತ್ತು ಹಿಸುಕುತ್ತಿದ್ದಾನೆ. ವಾಷಿಂಗ್ಟನ್‌ನಿಂದ ಗುಟ್ಟಾಗಿ ಬಂದ ಸರ್ಕಾರಿ ಮನುಷ್ಯ ಅವನ ದುರಾಸೆಯನ್ನೇ ಬಳಸಿಕೊಳ್ಳುತ್ತಾನೆ. ಉಳಿದಿದ್ದ ಒಂದೇ ಬಾವಿಯನ್ನು ಖಳನ ಕಡೆಯವರೇ ಸಿಡಿಮದ್ದಿಟ್ಟು ಹಾರಿಸುವಂತೆ ಮಾಡುತ್ತಾನೆ. ಸಿಡಿದಾಗ ಕೆಳಗೆ ಅಡಗಿದ್ದ ಹೊಳೆ ಒಡೆದುಕೊಂಡು ಕಣಿವೆಗೆ ಹರಿಯುತ್ತದೆ. ಅಮೆರಿಕದಲ್ಲಿ ಬರ ಮತ್ತು ಧೂಳಿನ ಬಿರುಗಾಳಿ ರೈತರನ್ನು ಊರು ಬಿಡಿಸುತ್ತಿದ್ದ ವರ್ಷಗಳವು. ಆ ನೀರನ್ನು ತೆರೆಯ ಮೇಲೆ ಕಂಡವರಿಗೆ ಅದು ಕಥೆಯಾಗಿ ಮಾತ್ರ ಕಂಡಿರಲಾರದು.

ಬಂದ ದಿನವೇ ಬಿಲ್ಲೆ ತೋರಿಸಿ ಎಲ್ಲರನ್ನೂ ಬಂಧಿಸಬಹುದಲ್ಲ? ನಾಯಕ ಅದನ್ನು ಯಾಕೆ ಬಚ್ಚಿಟ್ಟುಕೊಳ್ಳುತ್ತಾನೆ?

ನನಗೆ ಅತ್ಯಂತ ಪ್ರಿಯವಾದ ಪ್ರಶ್ನೆ ಇದು. ಮಾರುವೇಷದ ಮಾರ್ಷಲ್ ಈ ಚಿತ್ರಗಳ ಬೆನ್ನೆಲುಬು.

ಮೊದಲ ಕಾರಣ ಕಸುಬಿನದು. ಬಿಲ್ಲೆ ಕಿಸೆಯಲ್ಲಿದ್ದರೆ ನಾಯಕ ಎರಡು ಕಡೆಯಿಂದಲೂ ಅಪಾಯದಲ್ಲಿರುತ್ತಾನೆ, ಅದಕ್ಕೆ ಒಂದು ಕಾಸೂ ಖರ್ಚಿಲ್ಲ. 1934ರ ‘ಬ್ಲೂ ಸ್ಟೀಲ್’ನಲ್ಲಿ ಬಾಚಿಹೋದ ತಿಜೋರಿಯ ಹತ್ತಿರ ಶೆರಿಫ್‌ನ ಕಣ್ಣಿಗೆ ಬೀಳುವವನು ನಾಯಕ. ಅವನು ಯು.ಎಸ್. ಮಾರ್ಷಲ್ ಎಂದು ನಮಗೆ ಗೊತ್ತು, ಮುದಿ ಶೆರಿಫ್‌ಗೆ ಗೊತ್ತಿಲ್ಲ. ಇವನೇ ಕಳ್ಳನೆಂದುಕೊಂಡು ಅವನ ಜೊತೆಗೇ ಸ್ನೇಹ ಬೆಳೆಸಿ ದಾರಿಯುದ್ದಕ್ಕೂ ಕಾಯುತ್ತಾನೆ. ಕಾನೂನಿನ ಕಡೆಯ ಇಬ್ಬರು ಒಂದೇ ಬೆಂಕಿಯ ಮುಂದೆ ಕುಳಿತಿದ್ದಾರೆ, ಒಬ್ಬನ ಮೇಲೆ ಇನ್ನೊಬ್ಬನಿಗೆ ಸಂಶಯ, ಆದರೂ ಅವನನ್ನು ಇಷ್ಟಪಡದೆ ಇರಲಾಗುತ್ತಿಲ್ಲ. ಶೆರಿಫ್ ಪಾತ್ರದ ಜಾರ್ಜ್ ಹೇಯ್ಸ್ ಇದನ್ನು ಬಹಳ ಮಮತೆಯಿಂದ ಅಭಿನಯಿಸಿದ್ದಾರೆ.

ಎರಡನೆಯ ಕಾರಣ ನೋಡುಗನದು. ಊರಿನ ದೊಡ್ಡ ಮನುಷ್ಯರ ಕೈಯಲ್ಲಿ ಕಾನೂನು ಸೋತಿದೆ ಎಂದು ನಂಬಿದ್ದ ಬಡ ರೈತನಿಗೆ, ಗುರುತು ಹೇಳದೆ ಬಂದು ತನ್ನ ಮನೆಯ ಜಗಲಿಯಲ್ಲಿ ಕುಳಿತ ಅಪರಿಚಿತನೇ ಸರ್ಕಾರ ಎಂದು ಕೊನೆಗೆ ತಿಳಿಯುವುದು ಸಣ್ಣ ಸಮಾಧಾನವಲ್ಲ.

1941–42ರಲ್ಲಿ ಮಾನೋಗ್ರಾಂ ಕಂಪನಿ ತೆಗೆದ ‘ರಫ್ ರೈಡರ್ಸ್’ ಸರಣಿಯ 8 ಚಿತ್ರಗಳು ಈ ತಂತ್ರವನ್ನೇ ಸಂಪ್ರದಾಯವಾಗಿಸಿದವು. ಬಕ್ ಜೋನ್ಸ್, ಟಿಮ್ ಮೆಕಾಯ್, ರೇಮಂಡ್ ಹ್ಯಾಟನ್ ಮೂವರೂ ವಯಸ್ಸಾದ ಮಾರ್ಷಲ್‌ಗಳು. ಬೇರೆ ಬೇರೆ ವೇಷದಲ್ಲಿ ಒಂದೇ ಊರಿಗೆ ಬಂದು, ಒಬ್ಬರನ್ನೊಬ್ಬರು ಅರಿಯದವರಂತೆ ಇದ್ದು, ಕೆಲಸ ಮುಗಿದ ಮೇಲೆ ಮೂರು ದಾರಿ ಹಿಡಿದು ಮನೆಗೆ ಹೊರಡುತ್ತಾರೆ. ಎಂಟನೆಯ ಚಿತ್ರದ ನಂತರ ಮೆಕಾಯ್ ಸೈನ್ಯಕ್ಕೆ ಮರಳಿದರು. 1942ರ ನವೆಂಬರ್ 28ರಂದು ಬಾಸ್ಟನ್‌ನ ಕೋಕೋನಟ್ ಗ್ರೋವ್ ಎಂಬ ನೈಟ್‌ಕ್ಲಬ್ಬಿನ ಅಗ್ನಿ ದುರಂತದಲ್ಲಿ ಸುಟ್ಟ ಬಕ್ ಜೋನ್ಸ್ ಎರಡು ದಿನಗಳ ನಂತರ ತೀರಿಕೊಂಡರು. ಆ ಮೂವರು ಕೈಬೀಸಿ ಬೇರೆಯಾಗುವ ದೃಶ್ಯವನ್ನು ಇದು ತಿಳಿದ ಮೇಲೆ ಮೊದಲಿನಂತೆ ನೋಡಲಾಗುವುದಿಲ್ಲ.

## ಹಣ ಮತ್ತು ಕಸುಬು

ಇಷ್ಟು ಅಗ್ಗವಾಗಿ ಸಿನಿಮಾ ತೆಗೆಯುತ್ತಿದ್ದವರು ಯಾರು?

ಹಾಲಿವುಡ್‌ನ ಗೋವರ್ ಬೀದಿಯ ಸುತ್ತಮುತ್ತ ಬಾಡಿಗೆ ಕೋಣೆಗಳಲ್ಲಿದ್ದ ಕಂಪನಿಗಳಿಗೆ ‘ಬಡವರ ಸಾಲು’ ಎಂದೇ ಹೆಸರು ಬಿದ್ದಿತ್ತು. ಮಾನೋಗ್ರಾಂ ಅಲ್ಲಿಂದ ಬಂದದ್ದು. 1935ರಲ್ಲಿ ಹರ್ಬರ್ಟ್ ಯೇಟ್ಸ್ ಎಂಬ ಫಿಲ್ಮ್ ಸಂಸ್ಕರಣಾಲಯದ ಒಡೆಯ, ತನಗೆ ಬಾಕಿ ಇದ್ದ ಹಲವು ಸಣ್ಣ ಕಂಪನಿಗಳನ್ನು ಒಂದುಗೂಡಿಸಿ ರಿಪಬ್ಲಿಕ್ ಕಟ್ಟಿದ. ಈ ಸಾಲಿನಲ್ಲಿ ರಿಪಬ್ಲಿಕ್ ಶ್ರೀಮಂತ ಮನೆತನ. ಸಾಹಸ ದೃಶ್ಯಗಳ ಅಚ್ಚುಕಟ್ಟು ನೋಡಿದರೆ ಗೊತ್ತಾಗುತ್ತದೆ. ತೀರಾ ಕೆಳಗಿದ್ದದ್ದು ಪಿ.ಆರ್.ಸಿ. (ಪ್ರೊಡ್ಯೂಸರ್ಸ್ ರಿಲೀಸಿಂಗ್ ಕಾರ್ಪೊರೇಷನ್). ಅಲ್ಲಿನ ಸ್ಯಾಮ್ ನ್ಯೂಫೀಲ್ಡ್ ಎಷ್ಟು ಚಿತ್ರಗಳನ್ನು ನಿರ್ದೇಶಿಸುತ್ತಿದ್ದರೆಂದರೆ, ಒಬ್ಬನೇ ಇಷ್ಟು ಮಾಡುತ್ತಾನೆಂದು ಕಾಣದಿರಲು ಪೀಟರ್ ಸ್ಟುವರ್ಟ್, ಶೆರ್ಮನ್ ಸ್ಕಾಟ್ ಎಂಬ ಎರಡು ಸುಳ್ಳು ಹೆಸರುಗಳನ್ನೂ ಬಳಸುತ್ತಿದ್ದರು. ನಿರ್ಮಾಪಕ ಅವರ ಸ್ವಂತ ಅಣ್ಣ.

ಜಾನ್ ವೇಯ್ನ್ 1933–35ರಲ್ಲಿ ನಟಿಸಿದ ಲೋನ್ ಸ್ಟಾರ್ ಸರಣಿಯ 16 ಚಿತ್ರಗಳನ್ನು ಒಂದೊಂದಕ್ಕೂ ಸುಮಾರು ಒಂದು ವಾರದೊಳಗೆ ಮುಗಿಸುತ್ತಿದ್ದರು. ಬೆಳಕಿರುವಷ್ಟು ಹೊತ್ತು ಕೆಲಸ. ಹೊರಾಂಗಣದಲ್ಲೇ ಹೆಚ್ಚು ಚಿತ್ರೀಕರಣ, ಏಕೆಂದರೆ ಸೂರ್ಯನಿಗೆ ಬಾಡಿಗೆ ಇಲ್ಲ.

ಒಂದೇ ಬಂಡೆ ಹತ್ತು ಚಿತ್ರಗಳಲ್ಲಿ ಬಂದಿದೆ ಅನ್ನಿಸಿತು. ನನ್ನ ಭ್ರಮೆಯೇ?

ಭ್ರಮೆಯಲ್ಲ. ಲಾಸ್ ಏಂಜಲೀಸ್ ಬಳಿಯ ಚಾಟ್ಸ್‌ವರ್ತ್‌ನಲ್ಲಿ ಐವರ್ಸನ್ ಕುಟುಂಬದ ಜಮೀನಿತ್ತು. ದುಂಡನೆಯ ಮರಳುಗಲ್ಲಿನ ಬಂಡೆಗಳು, ಅವುಗಳ ನಡುವೆ ಸ್ಟೇಜ್‌ಕೋಚ್ ಓಡಿಸಲು ದಾರಿ. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದಾದ ದೂರ, ಹಾಗಾಗಿ ತಂಡಕ್ಕೆ ವಸತಿಯ ಖರ್ಚಿಲ್ಲ. ಸ್ವಲ್ಪ ಹಣವಿದ್ದವರು ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಲೋನ್ ಪೈನ್‌ಗೆ ಹೋಗುತ್ತಿದ್ದರು. ಅಲ್ಲಿ ಅಲಬಾಮಾ ಗುಡ್ಡಗಳ ಹಿಂದೆ ಸಿಯೆರಾ ನೆವಾಡಾದ ಹಿಮಶಿಖರಗಳು ಕಾಣುತ್ತವೆ. ಹಿನ್ನೆಲೆಯಲ್ಲಿ ಹಿಮ ಕಂಡರೆ ಈ ಚಿತ್ರಕ್ಕೆ ಹಣ ತುಸು ಹೆಚ್ಚು ಸಿಕ್ಕಿತ್ತೆಂದು ನಾನು ಲೆಕ್ಕ ಹಾಕುತ್ತೇನೆ.

ಅಷ್ಟು ಹೊಡೆದಾಡಿದರೂ ತಲೆಯ ಮೇಲಿನ ಟೋಪಿ ಯಾಕೆ ಬೀಳುವುದಿಲ್ಲ?

ಟೋಪಿಯ ಕೆಳಗಿರುವ ಮುಖ ನಾಯಕನದಲ್ಲ, ಡೂಪ್‌ನದು. ಟೋಪಿ ಬಿದ್ದರೆ ಮುಖ ಕಾಣುತ್ತದೆ.

ಆ ಡೂಪ್‌ಗಳಲ್ಲಿ ಯಕೀಮಾ ಕನಟ್ ಎಂಬ ಹೆಸರನ್ನು ನೆನಪಿಡಿ. ಪಳಗದ ಕುದುರೆ, ಹೋರಿಗಳನ್ನು ಸವಾರಿ ಮಾಡುವ ರೋಡಿಯೋ ಸ್ಪರ್ಧೆಗಳಲ್ಲಿ ಗೆದ್ದು ಬಂದವರು. ಲೋನ್ ಸ್ಟಾರ್ ಚಿತ್ರಗಳಲ್ಲಿ ಅವರು ಖಳನಾಗಿ ಓಡುತ್ತಾರೆ, ಮರುಗಳಿಗೆ ನಾಯಕನ ಬಟ್ಟೆ ತೊಟ್ಟು ಬೆನ್ನಟ್ಟುತ್ತಾರೆ. ಅವರು, ವೇಯ್ನ್ ಮತ್ತು ನಿರ್ದೇಶಕ ರಾಬರ್ಟ್ ಬ್ರ್ಯಾಡ್‌ಬರಿ ಸೇರಿ ತೆರೆಯ ಹೊಡೆದಾಟದ ರೀತಿಯನ್ನೇ ಬದಲಿಸಿದರು. ಅದಕ್ಕೆ ಮೊದಲು ನಟರು ಭುಜಕ್ಕೋ ಎದೆಗೋ ನಿಜವಾಗಿಯೇ ಗುದ್ದುತ್ತಿದ್ದರು. ಇವರು ಕ್ಯಾಮೆರಾವನ್ನು ಸರಿಯಾದ ಕೋನದಲ್ಲಿಟ್ಟು, ಮುಷ್ಟಿ ಮುಖದ ಮುಂದೆ ಹಾದುಹೋಗುವಂತೆ ಮಾಡಿದರು. ತಗಲದಿದ್ದರೂ ತಗಲಿದಂತೆ ಕಾಣುತ್ತದೆ.

ಓಡುವ ಗಾಡಿಯ ಕುದುರೆಗಳ ನಡುವೆ ಬಿದ್ದು, ನೆಲದ ಮೇಲೆ ಎಳೆಸಿಕೊಂಡು, ಗಾಡಿಯ ಕೆಳಗೆ ಜಾರಿಹೋಗುವ ಅವರ ಸಾಹಸ 1939ರ ‘ಸ್ಟೇಜ್‌ಕೋಚ್’ನಿಂದ ಪ್ರಸಿದ್ಧವಾಯಿತು. ಆದರೆ ಆ ವಿದ್ಯೆ ಪಳಗಿದ್ದು ಈ ಅಗ್ಗದ ಚಿತ್ರಗಳಲ್ಲಿ. ಮುಂದೆ ಅಕಾಡೆಮಿ ಅವರಿಗೆ ಗೌರವ ಆಸ್ಕರ್ ಕೊಟ್ಟಿತು.

ರಾತ್ರಿ ಎನ್ನುತ್ತಾರೆ, ಆದರೆ ನೆಲದ ಮೇಲೆ ಕುದುರೆಯ ನೆರಳು ಚೆನ್ನಾಗಿ ಕಾಣುತ್ತದೆ!

ಅದು ಹಗಲೇ. ರಾತ್ರಿ ಬಯಲಿಗೆ ದೀಪ ಹಾಕಲು ಜನರೇಟರ್, ಕೆಲಸಗಾರರು, ಹೆಚ್ಚಿನ ಕೂಲಿ ಬೇಕು. ಅದರ ಬದಲು ಮಸೂರಕ್ಕೆ ಕೆಂಪು ಫಿಲ್ಟರ್ ಹಾಕಿದರೆ ನೀಲಿ ಆಕಾಶ ಕಪ್ಪಾಗುತ್ತದೆ, ಫಿಲ್ಮಿಗೆ ಬೆಳಕು ಕಡಿಮೆ ಬಿಟ್ಟರೆ ಉಳಿದದ್ದೂ ಮಂಕಾಗುತ್ತದೆ. ನೆರಳು ಮಾತ್ರ ಹೋಗುವುದಿಲ್ಲ. ಲೋನ್ ಸ್ಟಾರ್‌ನ ಛಾಯಾಗ್ರಾಹಕ ಆರ್ಚಿ ಸ್ಟೌಟ್ ಈ ಕೆಲಸದಲ್ಲಿ ನುರಿತವರು. ಇಪ್ಪತ್ತು ವರ್ಷಗಳ ನಂತರ ‘ದಿ ಕ್ವಯಟ್ ಮ್ಯಾನ್’ ಚಿತ್ರಕ್ಕೆ ಆಸ್ಕರ್ ಹಂಚಿಕೊಂಡವರು ಇವರೇ.

ಬೀಳುವ ಕುದುರೆಗಳಿಗೆ ನಿಜವಾಗಿ ಪೆಟ್ಟಾಗುತ್ತಿತ್ತೇ?

ಆಗುತ್ತಿತ್ತು, ಸಾಯುತ್ತಲೂ ಇದ್ದವು. ‘ರನ್ನಿಂಗ್ ಡಬ್ಲ್ಯು’ ಎಂಬ ಸಾಧನದಲ್ಲಿ ಕುದುರೆಯ ಮುಂಗಾಲುಗಳಿಗೆ ತಂತಿ ಕಟ್ಟಿ, ಅದರ ಇನ್ನೊಂದು ತುದಿಯನ್ನು ನೆಲದಲ್ಲಿ ಹೂತು ಬಿಗಿಯುತ್ತಿದ್ದರು. ನಾಗಾಲೋಟದಲ್ಲಿ ತಂತಿ ಮುಗಿದೊಡನೆ ಕಾಲು ಸೆಳೆದು ಕುದುರೆ ಮುಗ್ಗರಿಸಿ ಉರುಳುತ್ತಿತ್ತು. 1939ರ ಒಂದು ದೊಡ್ಡ ಚಿತ್ರದಲ್ಲಿ ಬಂಡೆಯ ಮೇಲಿಂದ ನೀರಿಗೆ ತಳ್ಳಿದ ಕುದುರೆ ಸತ್ತ ಮೇಲೆ ಜನ ರೊಚ್ಚಿಗೆದ್ದರು. 1940ರಿಂದ ಅಮೆರಿಕನ್ ಹ್ಯೂಮೇನ್ ಸಂಸ್ಥೆಯವರು ಚಿತ್ರೀಕರಣದ ಮೇಲೆ ಕಣ್ಣಿಡತೊಡಗಿದರು. ಆಮೇಲೆ ತಾವಾಗಿಯೇ ಬೀಳಲು ಪಳಗಿಸಿದ ಕುದುರೆಗಳು ಬಂದವು. ಈ ಚಿತ್ರಗಳನ್ನು ನಾನು ಎಷ್ಟೇ ಪ್ರೀತಿಸಿದರೂ 1940ಕ್ಕಿಂತ ಹಿಂದಿನ ಕುದುರೆ ಬೀಳುವ ದೃಶ್ಯ ಬಂದಾಗ ಮನಸ್ಸು ಹಿಂಡುತ್ತದೆ.

ಹಳೆಯ ಸಿನಿಮಾದ ತುಣುಕುಗಳನ್ನು ಹೊಸದಕ್ಕೆ ಅಂಟಿಸುತ್ತಿದ್ದರಂತೆ, ಹೌದೇ?

ಹೌದು. 1932–33ರಲ್ಲಿ ವಾರ್ನರ್ ಸಂಸ್ಥೆ ಜಾನ್ ವೇಯ್ನ್ ಜೊತೆ ತೆಗೆದ 6 ಚಿತ್ರಗಳ ಸಾಹಸ ದೃಶ್ಯಗಳು ಬಹುಪಾಲು ಹಿಂದಿನ ಕೌಬಾಯ್ ತಾರೆ ಕೆನ್ ಮೇನಾರ್ಡ್‌ನ ಮೂಕಿ ಚಿತ್ರಗಳವು. ದೂರದಿಂದ ಕಂಡಾಗ ಹೊಂದಿಕೆಯಾಗಲೆಂದು ವೇಯ್ನ್‌ಗೆ ಮೇನಾರ್ಡ್‌ನಂತೆಯೇ ಬಟ್ಟೆ ತೊಡಿಸಿ, ಅವನ ಬಿಳಿಯ ಕುದುರೆಯನ್ನು ಹೋಲುವ ಕುದುರೆಯನ್ನೇ ಕೊಟ್ಟಿದ್ದರು.

## ಚರಿತ್ರೆಯನ್ನು ಕೆದಕುವವರು ಕೇಳುವುದು

ನಿಜವಾದ ಮಾರ್ಷಲ್‌ಗಳು ಹೀಗೆ ದಿನಾ ಗುಂಡು ಹಾರಿಸುತ್ತಿದ್ದರೇ?

ಇಲ್ಲ. ಕ್ಯಾನ್ಸಸ್‌ನ ಐದು ಹೆಸರಾಂತ ದನದ ಸಂತೆಯ ಊರುಗಳಲ್ಲಿ 1870ರಿಂದ 1885ರವರೆಗೆ ಒಟ್ಟು 45 ಕೊಲೆಗಳಾದವೆಂದು ಇತಿಹಾಸಕಾರರು ಎಣಿಸಿದ್ದಾರೆ. ಒಂದು ವರ್ಷ ಬಿಡುಗಡೆಯಾದ ಬಿ-ವೆಸ್ಟರ್ನ್‌ಗಳಲ್ಲಿ ಅದಕ್ಕಿಂತ ಹೆಚ್ಚು ಜನ ಸಾಯುತ್ತಾರೆ. ಊರಿನ ಮಾರ್ಷಲ್‌ನ ದಿನನಿತ್ಯದ ಕೆಲಸವೆಂದರೆ ಕುಡುಕರನ್ನು ಲಾಕಪ್ಪಿಗೆ ಹಾಕುವುದು, ದಂಡ ವಸೂಲಿ, ಊರೊಳಗೆ ಬಂದವರಿಂದ ಬಂದೂಕು ಇಳಿಸಿಕೊಳ್ಳುವುದು. 1881ರ ಅಕ್ಟೋಬರ್ 26ರಂದು ಟೂಂಬ್‌ಸ್ಟೋನ್‌ನಲ್ಲಿ ನಡೆದ ಪ್ರಸಿದ್ಧ ಕಾಳಗಕ್ಕೂ ನೆಪವಾದದ್ದು ಊರಿನಲ್ಲಿ ಆಯುಧ ಹಿಡಿದು ತಿರುಗಬಾರದೆಂಬ ನಿಯಮವೇ. ಅದು ಸುಮಾರು ಮೂವತ್ತು ಸೆಕೆಂಡಿನಲ್ಲಿ ಮುಗಿಯಿತು.

ನಿಜವಾದ ಪೊಲೀಸ್ ಮತ್ತು ನಿಜವಾದ ಕಳ್ಳ ಸೇರಿ ಸಿನಿಮಾ ಮಾಡಿದ್ದರು ಎಂದು ಓದಿದೆ. ಕಟ್ಟುಕಥೆಯೇ?

ಕಟ್ಟುಕಥೆಯಲ್ಲ. 1908ರಲ್ಲಿ ಓಕ್ಲಹೋಮಾದ ಕ್ಯಾಶ್ ಎಂಬ ಸಣ್ಣ ಊರಿನಲ್ಲಿ ‘ದಿ ಬ್ಯಾಂಕ್ ರಾಬರಿ’ ಎಂಬ ಮೂಕಿ ಚಿತ್ರ ತಯಾರಾಯಿತು. ನಿರ್ದೇಶಕ ಬಿಲ್ ಟಿಲ್ಗ್‌ಮನ್, ಡೆಪ್ಯುಟಿ ಮಾರ್ಷಲ್ ಆಗಿ ದೊಡ್ಡ ದೊಡ್ಡ ತಂಡಗಳ ಬೆನ್ನಟ್ಟಿದವರು. ದರೋಡೆಕೋರನ ಪಾತ್ರದಲ್ಲಿ ಅಲ್ ಜೆನ್ನಿಂಗ್ಸ್, ರೈಲು ದರೋಡೆಗಾಗಿ ಜೈಲು ಕಂಡು ಬಂದವನು. ಬೀದಿ ನಿಜ, ಸವಾರರು ನಿಜ, ಧೂಳು ನಿಜ. ಕ್ಯಾಮೆರಾ ಒಂದೇ ಕಡೆ ನಿಂತು ನೋಡುತ್ತದೆ. ನಟನೆಯ ದೃಷ್ಟಿಯಿಂದ ಹೇಳುವಂಥದ್ದೇನಿಲ್ಲ, ಆದರೆ ಕುದುರೆ ಹತ್ತುವಾಗ, ಬಂದೂಕು ಹಿಡಿಯುವಾಗ ಆ ಮನುಷ್ಯರ ಮೈಯಲ್ಲಿರುವ ಸಲೀಸನ್ನು ಯಾವ ನಟನೂ ಆಮೇಲೆ ತೋರಿಸಲಿಲ್ಲ.

ಮುಂದೆ ಸಿನಿಮಾಗಳು ದರೋಡೆಕೋರರನ್ನು ವೀರರಂತೆ ತೋರಿಸತೊಡಗಿದ್ದು ಟಿಲ್ಗ್‌ಮನ್‌ಗೆ ಸಹಿಸಲಾಗಲಿಲ್ಲ. 1915ರಲ್ಲಿ ಹಳೆಯ ಸಹೋದ್ಯೋಗಿಗಳನ್ನು ಸೇರಿಸಿಕೊಂಡು ‘ದಿ ಪ್ಯಾಸಿಂಗ್ ಆಫ್ ದಿ ಓಕ್ಲಹೋಮಾ ಔಟ್‌ಲಾಸ್’ ತೆಗೆದು, ಅದನ್ನು ಊರೂರಿಗೆ ಒಯ್ದು, ತೆರೆಯ ಪಕ್ಕದಲ್ಲಿ ನಿಂತು ಮಾತಾಡಿದರು. 1924ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ ಕ್ರಾಮ್‌ವೆಲ್ ಎಂಬ ಎಣ್ಣೆಬಾವಿಯ ಊರಿಗೆ ಮತ್ತೆ ಮಾರ್ಷಲ್ ಆಗಿ ಹೋದರು. ಅಲ್ಲಿ ಕುಡಿದಿದ್ದ ಒಬ್ಬ ಫೆಡರಲ್ ಅಧಿಕಾರಿಯ ಗುಂಡಿಗೆ ಸತ್ತರು.

ಈ ಚಿತ್ರಗಳಲ್ಲಿ ಕರಿಯರು ಯಾಕೆ ಇಲ್ಲ? ಇಂಡಿಯನ್ನರನ್ನು ಯಾಕೆ ಹಾಗೆ ತೋರಿಸುತ್ತಾರೆ?

ಇದು ಈ ಚಿತ್ರಗಳ ದೊಡ್ಡ ಅನ್ಯಾಯ. ಸಮರ್ಥಿಸಲು ನಾನು ಹೋಗುವುದಿಲ್ಲ. ಮೂಲನಿವಾಸಿಗಳ ಪಾತ್ರವನ್ನು ಬಿಳಿಯರೇ ಬಣ್ಣ ಬಳಿದುಕೊಂಡು ಮಾಡುತ್ತಿದ್ದರು. ಕನಟ್ ಕೂಡ ಮಾಡಿದ್ದಾರೆ.

ಕರಿಯರ ವಿಷಯದಲ್ಲಂತೂ ಚರಿತ್ರೆಯನ್ನೇ ಅಳಿಸಲಾಗಿದೆ. ಗುಲಾಮನಾಗಿ ಹುಟ್ಟಿದ ಬ್ಯಾಸ್ ರೀವ್ಸ್ 1875ರಲ್ಲಿ ಡೆಪ್ಯುಟಿ ಯು.ಎಸ್. ಮಾರ್ಷಲ್ ಆದರು. ಫೋರ್ಟ್ ಸ್ಮಿತ್‌ನ ನ್ಯಾಯಾಲಯದಿಂದ ವಾರಂಟ್‌ಗಳನ್ನು ಪಡೆದು ಇಂಡಿಯನ್ ಟೆರಿಟರಿಯಲ್ಲಿ (ಇಂದಿನ ಓಕ್ಲಹೋಮಾದ ಭಾಗ) ಮೂರು ದಶಕ ದುಡಿದರು. ಓದು ಬರಹ ಬಾರದು. ವಾರಂಟ್‌ಗಳನ್ನು ಓದಿಸಿ, ಕೇಳಿ, ಬಾಯಿಪಾಠ ಮಾಡಿಕೊಂಡು ಹೊರಡುತ್ತಿದ್ದರು. ಭಿಕಾರಿಯಂತೆ, ರೈತನಂತೆ ವೇಷ ಹಾಕಿ ಕಳ್ಳರ ಮನೆ ಹೊಕ್ಕು ಹಿಡಿದು ತರುತ್ತಿದ್ದರು. ಹೆಂಡತಿಯನ್ನು ಕೊಂದ ಸ್ವಂತ ಮಗನ ವಾರಂಟ್ ಬಂದಾಗ ಅದನ್ನೂ ತಾವೇ ಜಾರಿ ಮಾಡಿದರು. ತೆರೆಯ ಮೇಲೆ ನೂರು ಸಲ ಬಂದ ಮಾರುವೇಷದ ಮಾರ್ಷಲ್ ನಿಜಜೀವನದಲ್ಲಿ ಇವರು. ಬಡವರ ಸಾಲಿನ ಒಂದು ಕಂಪನಿಗೂ ಇವರ ಕಥೆ ಬೇಕಾಗಲಿಲ್ಲ.

ಕರಿಯ ಪ್ರೇಕ್ಷಕರ ಚಿತ್ರಮಂದಿರಗಳಿಗಾಗಿ ಬೇರೆಯೇ ಚಿತ್ರಗಳು ಬಂದವು. 1937ರಿಂದ 1939ರೊಳಗೆ ಗಾಯಕ ಹರ್ಬ್ ಜೆಫ್ರೀಸ್ ನಾಲ್ಕು ಚಿತ್ರಗಳಲ್ಲಿ ಕೌಬಾಯ್ ನಾಯಕನಾದರು. ‘ದಿ ಬ್ರಾಂಜ್ ಬಕರೂ’ ಅವುಗಳಲ್ಲಿ ಒಂದು. ಹುಡುಕಿ ನೋಡಿ.

ನಾಯಕಿಗೆ ನಾಯಕನನ್ನು ಕಾಯುವುದು ಬಿಟ್ಟು ಬೇರೆ ಕೆಲಸ ಇಲ್ಲವೇ?

ಹೆಚ್ಚಿನವುಗಳಲ್ಲಿ ಇಲ್ಲ. ಆದರೆ ‘ರೈಡರ್ಸ್ ಆಫ್ ಡೆಸ್ಟಿನಿ’ಯ ಆರಂಭದಲ್ಲಿ ಗಂಡು ವೇಷದಲ್ಲಿ ಸ್ಟೇಜ್‌ಕೋಚ್ ತಡೆಯುವವಳು ನಾಯಕಿ, ತನ್ನ ಹಣವನ್ನೇ ಮರಳಿ ಪಡೆಯಲು. ಸಿಸೀಲಿಯಾ ಪಾರ್ಕರ್ ಅದನ್ನು ಚೆನ್ನಾಗಿ ಮಾಡಿದ್ದಾರೆ.

ನಮ್ಮ ರಾಮನಗರದಲ್ಲಿ ತೆಗೆದ ‘ಶೋಲೆ’ಯೂ ಇದೇ ವಂಶದ್ದೇ?

ದೂರದ ಸಂಬಂಧ. 1975ರ ಆ ಚಿತ್ರ ಕಡಿಮೆ ಖರ್ಚಿನದಲ್ಲ. ಅದರ ಹತ್ತಿರದ ನೆಂಟರು 1960ರ ದಶಕದ ಇಟಾಲಿಯನ್ ವೆಸ್ಟರ್ನ್‌ಗಳು. ಕೈ ಕಳೆದುಕೊಂಡ ಪೊಲೀಸ್ ಅಧಿಕಾರಿ ಡಕಾಯಿತನನ್ನು ಹಿಡಿಯಲು ಇಬ್ಬರು ಕಳ್ಳರನ್ನು ನಂಬಬೇಕಾಗುತ್ತದೆ. ಇಲ್ಲಿನ ಮಾರ್ಷಲ್‌ಗಳು ಕಳ್ಳರಂತೆ ನಟಿಸಿದರೇ ಹೊರತು ಅವರನ್ನು ಕೂಲಿಗೆ ಕರೆಯಲಿಲ್ಲ. ರಾಮದೇವರ ಬೆಟ್ಟದ ಬಂಡೆಗಳು ಮಾತ್ರ ಐವರ್ಸನ್ ಬಂಡೆಗಳಷ್ಟೇ ಚೆನ್ನಾಗಿ ಅಭಿನಯಿಸುತ್ತವೆ.

ಇಷ್ಟು ಅಗ್ಗವಾಗಿ ತೆಗೆಯುತ್ತಿದ್ದರೆ ನಿಂತುಹೋದದ್ದು ಯಾಕೆ?

ಯುದ್ಧದ ನಂತರ ಕೂಲಿ, ಫಿಲ್ಮು, ಸಾಗಣೆ ಎಲ್ಲದರ ಬೆಲೆ ಏರಿತು, ಬಾಡಿಗೆ ಅಷ್ಟು ಏರಲಿಲ್ಲ. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ದೊಡ್ಡ ಸ್ಟುಡಿಯೋಗಳು ಚಿತ್ರಗಳನ್ನು ಗಂಟು ಕಟ್ಟಿ ಮಾರುವುದನ್ನು ತಡೆಯಿತು. ಎಲ್ಲಕ್ಕಿಂತ ದೊಡ್ಡ ಹೊಡೆತ ಟಿವಿಯದು. 66 ಚಿತ್ರಗಳಲ್ಲಿ ಹಾಪಲಾಂಗ್ ಕ್ಯಾಸಿಡಿ ಎಂಬ ಕೌಬಾಯ್ ನಾಯಕನಾಗಿದ್ದ ವಿಲಿಯಂ ಬಾಯ್ಡ್ ತಮ್ಮಲ್ಲಿದ್ದುದನ್ನೆಲ್ಲ ಒತ್ತೆಯಿಟ್ಟು ಆ ಚಿತ್ರಗಳ ಹಕ್ಕು ಕೊಂಡು ಟಿವಿಗೆ ಕೊಟ್ಟರು. 1949ರಲ್ಲಿ ಮನೆಯಲ್ಲೇ, ಟಿಕೆಟ್ ಇಲ್ಲದೆ, ಅದೇ ಕುದುರೆ ಅದೇ ಬಂಡೆ ಸಿಕ್ಕವು. ಮಕ್ಕಳು ಟಾಕೀಸಿಗೆ ಯಾಕೆ ಹೋಗುತ್ತಾರೆ?

ಸರಣಿಯಾಗಿ ಬಂದ ಬಿ-ವೆಸ್ಟರ್ನ್‌ಗಳಲ್ಲಿ ಕೊನೆಯದೆಂದು ಸಾಮಾನ್ಯವಾಗಿ ಎಣಿಸುವುದು 1954ರ ‘ಟೂ ಗನ್ಸ್ ಅಂಡ್ ಎ ಬ್ಯಾಡ್ಜ್’. ಅದರಲ್ಲಿ ಜೈಲಿನಿಂದ ಬಿಡುಗಡೆಯಾಗಿ ಬಂದವನೊಬ್ಬನನ್ನು ಊರಿನವರು ತಪ್ಪಾಗಿ ಹೊಸ ಡೆಪ್ಯುಟಿ ಎಂದುಕೊಳ್ಳುತ್ತಾರೆ. ಇಪ್ಪತ್ತು ವರ್ಷ ಬಿಲ್ಲೆ ಬಚ್ಚಿಟ್ಟುಕೊಂಡು ಬಂದವರ ಸಾಲಿನ ಕೊನೆಯಲ್ಲಿ, ತನ್ನದಲ್ಲದ ಬಿಲ್ಲೆ ತೊಟ್ಟವನು.

ಈಗ ನೋಡಲು ಸಿಗುತ್ತವೆಯೇ? ಯಾವ ಪ್ರತಿ ನೋಡಬೇಕು?

ಸುಲಭವಾಗಿ ಸಿಗುತ್ತವೆ. ಆಗಿನ ಅಮೆರಿಕದ ಕಾನೂನಿನಂತೆ 28 ವರ್ಷಗಳಾದ ಮೇಲೆ ಹಕ್ಕುಸ್ವಾಮ್ಯವನ್ನು ನವೀಕರಿಸಬೇಕಿತ್ತು. ಹಲವು ಸಣ್ಣ ಕಂಪನಿಗಳು ಅಷ್ಟರಲ್ಲಿ ಮುಚ್ಚಿದ್ದವು, ಇಲ್ಲವೇ ನವೀಕರಿಸಲಿಲ್ಲ. ಹಾಗಾಗಿ ಲೋನ್ ಸ್ಟಾರ್ ಸೇರಿದಂತೆ ಬಹಳಷ್ಟು ಚಿತ್ರಗಳು ಅಲ್ಲಿ ಸಾರ್ವಜನಿಕ ಸ್ವತ್ತಾಗಿ ಅಂತರಜಾಲದಲ್ಲಿ ಉಚಿತವಾಗಿವೆ.

ಆಮೇಲೆ ಬಣ್ಣ ಹಚ್ಚಿದ ಪ್ರತಿಗಳನ್ನು ಬಿಡಿ. ಎಲೆಕ್ಟ್ರಾನಿಕ್ ಕೀಬೋರ್ಡ್ ಸಂಗೀತ ಎಡೆಬಿಡದೆ ಕೇಳಿಸಿದರೆ ಅದನ್ನೂ ಬಿಡಿ. ಅದು ಎಷ್ಟೋ ವರ್ಷಗಳ ನಂತರ ಸೇರಿಸಿದ್ದು. ಮೂಲದಲ್ಲಿ ಹಿನ್ನೆಲೆ ಸಂಗೀತ ತೀರಾ ಕಡಿಮೆ. ಬೆನ್ನಟ್ಟುವ ದೃಶ್ಯದಲ್ಲಿ ಗೊರಸಿನ ಸದ್ದು ಮಾತ್ರ ಕೇಳಿಸಬೇಕು, ನಡುನಡುವೆ ಹಳೆಯ ಫಿಲ್ಮಿನ ಚಟಪಟ.